ನಾನು ಬೇಡ ಎಂದ ಸೀರೆ

ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದಕ್ಕೆ ಜ್ವರ ಗಿರ ಏನೂ ಬೇಕಾಗಲಿಲ್ಲ, ಹುಟ್ಟುವಾಗಲೇ ತಂದದ್ದು. ಈ ಎರಡು ಸಂಗತಿ ಮೊದಲೇ ಹೇಳಿಬಿಟ್ಟರೆ ಮುಂದಿನದ್ದನ್ನು ಬರೆಯುವುದು ಸುಲಭ.

ಪುತ್ತೂರಿನ ಜವಳಿ ಅಂಗಡಿಯೊಂದರ ಸೀರೆ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ನಿಂತಿದ್ದೇನೆ. ಬೆಟ್ಟಂಪಾಡಿಯಿಂದ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬ್ಯಾರಿ ಕುಟುಂಬದವರ ಅಂಗಡಿ ಅದು, ಈಗಿನ ಯಜಮಾನರು ಹಾಜಿಯವರು, ಅವರ ಅಪ್ಪ ಇಟ್ಟದ್ದು. ತಂಗಿ ಸುಳ್ಯದಲ್ಲಿ ಒಂದು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಮದುವೆ ಆಗಲಿಲ್ಲ, ರೂಮು ಮಾಡಿಕೊಂಡು ಒಬ್ಬಳೇ ಇದ್ದಾಳೆ. ಸೀರೆ ಬೇಕಾದಾಗ ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಸ್ಸು ಹತ್ತುತ್ತಿದ್ದಳು. ನಾನು ಸ್ಟ್ಯಾಂಡಿಗೆ ಹೋಗಿ ಕರಕೊಂಡು ಬರುತ್ತಿದ್ದೆ. ನಮ್ಮೊಳಗೆ ಮಾತು ಸುಳ್ಯ ಕಡೆಯ ಅರೆಭಾಷೆಯಲ್ಲಿ, ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ತಿದ್ದಿ ಬರೆದಿದ್ದೇನೆ.

ಅವಳು ಬಂದ ದಿನ ನನ್ನ ಕೌಂಟರಿನಲ್ಲಿ ಗಮ್ಮತ್ತು. ಗಾದಿಯ ಮೇಲೆ ಕೂರಿಸಿ, ಸೀರೆ ಬಿಡಿಸಿ, ಸೆರಗನ್ನು ಅವಳ ಹೆಗಲಿಗೆ ಹಾಕಿ ಹೇಳಲು ಶುರು ಮಾಡುತ್ತಿದ್ದೆ. ಅಂಚು ಎಷ್ಟು ಬೆರಳು, ಹೂವು ಎಲ್ಲಿಂದ ಎಲ್ಲಿವರೆಗೆ, ಬೆಳಕಿಗೆ ಹಿಡಿದರೆ ಹೇಗೆ, ನೆರಳಲ್ಲಿ ಹೇಗೆ. ಬೇರೆ ಗಿರಾಕಿಗಳು ತಮ್ಮ ಸೀರೆ ಬಿಟ್ಟು ನನ್ನ ಮಾತು ಕೇಳುತ್ತಾ ನಿಲ್ಲುತ್ತಿದ್ದರು. "ಅಕ್ಕ ಹೇಳಿದ್ರೆ ನಂಗೆ ಕಾಣ್ತದೆ" ಎಂದು ಒಮ್ಮೆ ಅವಳು ಎಲ್ಲರೆದುರು ಹೇಳಿದ್ದಳು. ಆ ಒಂದು ಮಾತನ್ನು ನಾನು ಎಷ್ಟು ವರ್ಷ ಮೆಲುಕು ಹಾಕಿದ್ದೇನೆ ಎಂದರೆ, ಕೇಳಿದರೆ ನಗುತ್ತೀರಿ. ಇವಳಿಗೆ ನಾನಿಲ್ಲದಿದ್ದರೆ ಆಗುವುದಿಲ್ಲ ಎಂಬುದು ನನ್ನ ಬದುಕಿನ ದೊಡ್ಡ ಸಮಾಧಾನವಾಗಿತ್ತು.

ಅದು ಅಲುಗಾಡಿದ್ದು ಒಂದು ವರ್ಷದ ಹಿಂದೆ. ಹಾಜಿಯವರ ಸೊಸೆ ಹತ್ತು ವರ್ಷ ಗಲ್ಫಿನಲ್ಲಿದ್ದು ಊರಿಗೆ ಬಂದವಳು, ಚುರುಕಿನ ಹೆಂಗಸು. ಅಂಗಡಿಯನ್ನು ಫೋನಿನೊಳಗೂ ಇಡಬೇಕು ಎಂದು ಹಟ ಹಿಡಿದು, ಮಂಗಳೂರಿನ ಯಾರಿಂದಲೋ ಆಪ್ ಮಾಡಿಸಿದ್ದಳು. ಮಾಳಿಗೆಯಲ್ಲಿ ಅವಳ ಆಫೀಸು. ಒಂದು ದಿನ ಕೆಳಗೆ ಬಂದು ಕೌಂಟರಿಗೆ ಒರಗಿ ಹೇಳಿದಳು:

"ಅಕ್ಕಾ, ಸುಳ್ಯದಿಂದ ಒಬ್ರು ಫೋನ್ ಮಾಡಿದ್ರು. ಕಣ್ಣು ಕಾಣುದಿಲ್ಲಂತೆ. ನಮ್ಮ ಆಪಿನಲ್ಲಿ ಮೂರು ದಿನದಿಂದ ಒಂದು ಸೀರೆ ತಗೊಳ್ಳಲಿಕ್ಕೆ ನೋಡಿ ನೋಡಿ ಸಾಕಾಯ್ತಂತೆ. ಎಷ್ಟು ಚೆಂದ ಬೈದ್ರು ಗೊತ್ತುಂಟಾ, ಒಂದು ಕೆಟ್ಟ ಮಾತಿಲ್ಲ, ಒಂದು ಗಟ್ಟಿ ಸ್ವರ ಇಲ್ಲ. ನನ್ನ ಮಂಡೆ ಬಿಸಿಯಾಗಿ ಹೋಯ್ತು."

ಸುಳ್ಯದಲ್ಲಿ ಸ್ವರ ಏರಿಸದೆ ಬೈಯುವ, ಕಣ್ಣು ಕಾಣದ ಹೆಂಗಸು. ನನಗೆ ಬೇರೆ ಗುರುತು ಬೇಕಾಗಲಿಲ್ಲ.

"ಅದು ನನ್ನ ತಂಗಿ" ಎಂದೆ. ಮೂರು ದಿನ ಅವಳು ಫೋನಿನೊಡನೆ ಗುದ್ದಾಡಿದ್ದಾಳೆ, ನನಗೆ ಒಂದು ಮಾತು ಹೇಳಿಲ್ಲ. ಅದೂ ಯಾವ ಅಂಗಡಿಯ ಸೀರೆಗೆ? ನಾನು ನಿಂತಿರುವ ಅಂಗಡಿಯದ್ದೇ. ನನ್ನ ಕೌಂಟರನ್ನು ದಾಟಿ ಹೋಗಲು ಅವಳು ದಾರಿ ಹುಡುಕುತ್ತಿದ್ದಳು.

ಸೊಸೆಗೆ ಮಾತ್ರ ಖುಷಿಯೋ ಖುಷಿ. "ಒಳ್ಳೇದಾಯ್ತು, ಅವರನ್ನೇ ಕರೀತೇನೆ. ಎಲ್ಲಿ ಎಂತ ಸರಿ ಇಲ್ಲ ಅಂತ ಅವರೇ ತೋರಿಸ್ಲಿ" ಎಂದಳು. ಮುಂದಿನ ಶನಿವಾರ ತನ್ನ ಸ್ಕೂಟರಿನಲ್ಲಿ ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ತಂಗಿಯನ್ನು ಕೂರಿಸಿಕೊಂಡು ಬಂದಳು. ನಾನು ಅಷ್ಟು ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಹೊರಡಲು ತಯಾರಾಗಿದ್ದೆ. ಪುನಃ ಚಪ್ಪಲಿ ಬಿಚ್ಚಿ ಒಳಗೆ ಬಂದೆ.

ತಂಗಿ ನನ್ನ ಕೌಂಟರಿನ ಹತ್ತಿರ ನಿಂತು, "ಅಕ್ಕ, ಮೇಲೆ ಹೋಗಿ ಬರ್ತೇನೆ" ಎಂದಳು. ಹೋದವಳು ಎರಡು ಗಂಟೆ ಇಳಿಯಲಿಲ್ಲ. ಮೇಲಿಂದ ನಗು ಕೇಳುತ್ತಿತ್ತು. ನಾನು ಯಾರೋ ಕೇಳಿದ ರವಿಕೆ ಕಣವನ್ನು ಎರಡು ಸಲ ತಪ್ಪಾಗಿ ಕತ್ತರಿಸಿದೆ. ಕೊನೆಗೆ ತಡೆಯಲಾಗದೆ, ಮೇಲೆ ಇಡಬೇಕಾದ ಒಂದು ಕಟ್ಟು ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಆ ಕಟ್ಟು ಮೇಲೆ ಇಡಬೇಕಾದದ್ದೇ ಅಲ್ಲ, ಅದು ಬೇರೆ ವಿಷಯ.

ಅವರಿಬ್ಬರೂ ಒಂದೇ ಫೋನಿನ ಮೇಲೆ ಬಗ್ಗಿ ಕೂತಿದ್ದರು. ತಂಗಿಯ ಫೋನು ಪರದೆಯಲ್ಲಿ ಇರುವುದನ್ನೆಲ್ಲ ಓದಿ ಹೇಳುತ್ತದೆ. ಅವಳು ಬೆರಳು ಸರಿಸಿದಂತೆ ಅದು ಮಾತಾಡುತ್ತದೆ. ನಮ್ಮ ಅಂಗಡಿಯ ಆಪ್ ತೆರೆದರೆ ಅದು ಹೇಳುತ್ತಿದ್ದದ್ದು ಇಷ್ಟೇ: "ಬಟನ್. ಬಟನ್. ಹೆಸರಿಲ್ಲದ ಬಟನ್. ಚಿತ್ರ." ಯಾವ ಬಟನ್ ಒತ್ತಿದರೆ ಸೀರೆ ಬುಟ್ಟಿಗೆ ಬೀಳುತ್ತದೆ, ಯಾವುದು ಒತ್ತಿದರೆ ಎಲ್ಲ ಅಳಿಸಿ ಹೋಗುತ್ತದೆ, ದೇವರಿಗೇ ಗೊತ್ತು. ಚಿತ್ರದಲ್ಲಿ ಸೀರೆ ಉಂಟು ಎಂದು ಹೇಳುವವರಿಲ್ಲ. ನಡುವೆ ಆಫರಿನ ಪೆಟ್ಟಿಗೆಯೊಂದು ಮೇಲೆದ್ದು ಬಂದರೆ ಮುಚ್ಚಲು ದಾರಿಯೇ ಇಲ್ಲ.

"ಬಂದು ಕೂತ್ರೆ ಏಳುದೇ ಇಲ್ಲ ಇದು, ಊಟದ ಹೊತ್ತಿಗೆ ಬಂದ ನೆಂಟರ ಹಾಗೆ" ಎಂದಳು ತಂಗಿ. ಸೊಸೆ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತು, "ನಿನ್ನ ಬಸ್ಸಿಗೆ ಹೊತ್ತಾಯ್ತು" ಎಂದೆ.

"ಇನ್ನೂ ಉಂಟಲ್ಲ ಅಕ್ಕ, ಮುಕ್ಕಾಲು ಗಂಟೆ."

ಅವಳ ಹತ್ತಿರ ಗಂಟೆ ಹೇಳುವ ಫೋನು ಇರುವಾಗ ನನ್ನ ಸುಳ್ಳಿಗೆ ಎಲ್ಲಿ ಜಾಗ? ಕಟ್ಟನ್ನು ಅಲ್ಲೇ ಕುಕ್ಕಿ ಇಳಿದು ಬಂದೆ.

ಹೀಗೆ ನಾಲ್ಕೈದು ಶನಿವಾರ ಹೋಯಿತು. ಮಂಗಳೂರಿನವನು ಇವರು ಹೇಳಿದ್ದನ್ನೆಲ್ಲ ಸರಿ ಮಾಡಿ ಕಳಿಸುತ್ತಿದ್ದ. ಬಟನ್‌ಗಳಿಗೆ ಹೆಸರು ಬಂತು. ಆಫರಿನ ಪೆಟ್ಟಿಗೆಗೆ "ಮುಚ್ಚಿ" ಎಂಬ ಬಾಗಿಲು ಬಂತು. ನೀವು ಮನುಷ್ಯರೇ ಎಂದು ತೋರಿಸಲು ಚಿತ್ರ ಗುರುತಿಸಿ ಎನ್ನುವ ಒಂದು ಪರೀಕ್ಷೆ ಇತ್ತು, ಅದನ್ನು ಕಿತ್ತು ಹಾಕಿದರು. ಫೋನಿಗೆ ಬರುವ ಗುಟ್ಟಿನ ನಂಬರನ್ನು ಹಾಕಲು ಸಮಯ ಜಾಸ್ತಿ ಕೊಟ್ಟರು. ಅಕ್ಷರ ದೊಡ್ಡದು ಮಾಡಿದರು. ಅದರಿಂದ ಹಾಜಿಯವರಿಗೂ ಉಪಕಾರವಾಯಿತು, ಅವರ ಅಂಗಡಿಯನ್ನು ಅವರು ಮೊದಲ ಸಲ ಕನ್ನಡಕ ಇಲ್ಲದೆ ಓದಿದರು. ಎಲ್ಲರಿಗೂ ತಂಗಿಯ ಮೇಲೆ ಕೊಂಗಾಟ, ಮುದ್ದೋ ಮುದ್ದು. ಅವಳು ಬಂದ ಕೂಡಲೇ ಹಾಜಿಯವರು ಚಹಾ ತರಿಸುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ನನಗೆ ತರಿಸಿದ ಚಹಾ ಲೆಕ್ಕ ಮಾಡಲು ಒಂದು ಕೈಯ ಬೆರಳು ಸಾಕು.

ಇನ್ನು ಉಳಿದದ್ದು ಚಿತ್ರ. ಪ್ರತಿ ಸೀರೆಯ ಫೋಟೋದ ಹಿಂದೆ ಆ ಸೀರೆ ಹೇಗಿದೆ ಎಂದು ಮಾತಿನಲ್ಲಿ ಬರೆದಿಟ್ಟರೆ, ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಸೊಸೆ ಬರೆದು ನೋಡಿದಳು: "ಕೆಂಪು ಸೀರೆ. ನೀಲಿ ಸೀರೆ. ಇನ್ನೊಂದು ನೀಲಿ ಸೀರೆ." ತಂಗಿ ತಲೆ ಅಲ್ಲಾಡಿಸಿದಳಂತೆ. "ನಮ್ಮಕ್ಕನಿಗೆ ಕೊಡು. ಸೀರೆ ಹೇಳುದ್ರಲ್ಲಿ ಅವಳಷ್ಟು ಗಟ್ಟಿಗರು ಪುತ್ತೂರಲ್ಲಿ ಇಲ್ಲ" ಎಂದಳಂತೆ.

ಅದನ್ನು ಕೇಳಿ ನನ್ನ ಎದೆ ಉಬ್ಬಿತು. ಎರಡೇ ನಿಮಿಷ. ಆಮೇಲೆ ಆ ಕೆಲಸ ಬೇಡವೇ ಬೇಡ ಅನಿಸಿತು. ಯಾಕೆಂದು ಹೇಳಬೇಕಾದರೆ ಹಿಂದೆ ಹೋಗಬೇಕು.

ನನಗೆ ಇಪ್ಪತ್ತೆರಡು, ಅವಳಿಗೆ ಹದಿನೇಳು. ನನ್ನನ್ನು ನೋಡಲು ಒಂದು ಕಡೆಯವರು ಬಂದಿದ್ದರು. ನಾನು ಅವಲಕ್ಕಿ, ಕಾಫಿ ತಂದಿಟ್ಟೆ. ಹುಡುಗನ ತಾಯಿಯ ಕಣ್ಣು ಒಳಬಾಗಿಲ ಕಡೆಗೆ. ಅಲ್ಲಿ ತಂಗಿ ಕೇಪುಳ ಹೂವಿನ ಕೆಂಪು ಲಂಗ ಹಾಕಿಕೊಂಡು ಕೂತಿದ್ದಳು. "ಅದು ಯಾರು, ಆ ಬೆಳ್ಳಗಿನ ಹುಡುಗಿ?" ಎಂದು ಕೇಳಿದರು. ಕಣ್ಣು ಕಾಣುವುದಿಲ್ಲ ಎಂದು ಅಮ್ಮ ಹೇಳಿದಾಗ, "ಅಯ್ಯೋ, ಎಂಥ ಚೆಂದದ ಮಗು" ಎಂದು ಲೊಚಗುಟ್ಟಿ, ನನ್ನ ಕಡೆ ತಿರುಗಿ, "ಇರ್ಲಿ, ಇವಳಾದ್ರೂ ಆರೋಗ್ಯದಲ್ಲಿದ್ದಾಳಲ್ಲ" ಎಂದರು. ಆ ಸಂಬಂಧ ಆಗಲಿಲ್ಲ. ಬೇರೆ ಕಡೆ ಮದುವೆಯಾಗಿ ನಾನು ಬೆಟ್ಟಂಪಾಡಿಗೆ ಬಂದೆ, ಗಂಡ ಒಳ್ಳೆಯವರು, ದೂರು ಎಂತದ್ದೂ ಇಲ್ಲ. ಆದರೆ ಆ "ಇವಳಾದ್ರೂ" ಮಾತ್ರ ನನ್ನೊಳಗೆ ಇಳಿದು ಕೂತುಬಿಟ್ಟಿತು.

ತಂಗಿಗೆ ಕೆಲಸ ಸಿಕ್ಕಿ ಮೊದಲ ಸಂಬಳದಲ್ಲಿ ಸೀರೆ ತೆಗೆಯಲು ಬಂದಳು. ಬಾಯಿಬಿಟ್ಟು ಕೇಳಿದಳು, "ಅಕ್ಕ, ಗಿಳಿಹಸಿರು ಕೊಡು." ಅವಳ ಬಣ್ಣಗಳೆಲ್ಲ ಹನ್ನೆರಡನೇ ವಯಸ್ಸಿನವರೆಗೆ ನೋಡಿದವು. ಗಿಳಿ, ಕೇಪುಳ, ಹಣ್ಣಡಿಕೆ, ಪುನರ್ಪುಳಿಯ ಕಡುಗೆಂಪು ಶರಬತ್ತು. ಗಿಳಿಹಸಿರು ನನ್ನ ಕೈಗೆ ಎಟುಕುವಲ್ಲೇ ಇತ್ತು. ಅದನ್ನು ಉಟ್ಟು ಇವಳು ನನ್ನ ಪಕ್ಕದಲ್ಲಿ ನಡೆದರೆ ಹೇಗೆ ಕಾಣುತ್ತದೆ ಎಂದು ಒಂದು ಕ್ಷಣ ಯೋಚಿಸಿದೆ. ಬೂದಿ ಬಣ್ಣದ್ದು ತೆಗೆದು ಅವಳ ಹೆಗಲಿಗೆ ಹಾಕಿ, "ಇದೇ ಗಿಳಿಹಸಿರು" ಎಂದೆ.

ಹಸಿಸುಳ್ಳು ಹೇಳಿದ್ದು ಆ ಒಂದು ಸಲ. ಆಮೇಲೆ ಸುಳ್ಳಿನ ಅಗತ್ಯ ಬೀಳಲಿಲ್ಲ, ಕೌಂಟರಿನ ವಿದ್ಯೆ ಸಾಕಾಯಿತು. ಬೇಡದ ಸೀರೆಯಿಂದ ಗಿರಾಕಿಯನ್ನು ತಿರುಗಿಸಲು ನಾವು ಸೀರೆಯನ್ನು ಬೈಯುವುದಿಲ್ಲ, "ಇದು ಎಲ್ಲರಿಗೂ ಒಪ್ಪುದಿಲ್ಲ ಅಕ್ಕ" ಎಂದು ಸಣ್ಣ ಸ್ವರದಲ್ಲಿ ಹೇಳುತ್ತೇವೆ. ಅಷ್ಟಕ್ಕೇ ಯಾರಾದರೂ ಕೈ ಹಿಂದೆ ತೆಗೆಯುತ್ತಾರೆ. ತಂಗಿಗೂ ಅದನ್ನೇ ಹೇಳಿದೆ. ಇದು ಕಣ್ಣಿಗೆ ಹೊಡೀತದೆ, ಅದು ಬಣ್ಣ ಬಿಡ್ತದೆ, ಡ್ಯೂಟಿಗೆ ಶಾಂತ ಬಣ್ಣ ಚೆಂದ. ಬೂದಿ, ತಿಳಿಗಂದು, ಮಾಸಿದ ನೀಲಿ. ಅಂಚು, ಹೂವು, ನೂಲು ಎಲ್ಲ ಸತ್ಯವಾಗಿ ಹೇಳುತ್ತಿದ್ದೆ. ಆಯ್ಕೆ ಮಾತ್ರ ನನ್ನದು. ಇಪ್ಪತ್ತನಾಲ್ಕು ವರ್ಷ ಅವಳು ಬೂದಿಯಲ್ಲೇ ಓಡಾಡಿದಳು. ನಾನು ಉಟ್ಟದ್ದೆಲ್ಲ ಮೆರೂನು, ರಾಣಿ ಗುಲಾಬಿ, ಬಾಟಲ್ ಹಸಿರು.

ಈಗ ಆ ಅಂಗಡಿಯ ಎಲ್ಲ ಸೀರೆಯೂ ಅವಳ ಫೋನಿನಲ್ಲಿ ತಮ್ಮ ಬಣ್ಣವನ್ನು ತಾವೇ ಹೇಳಲಿಕ್ಕಿದ್ದವು. ಅದನ್ನು ಬರೆಯಬೇಕಾದವಳು ನಾನು. ಇಷ್ಟು ವರ್ಷ ಉಟ್ಟದ್ದು ಎಂತದ್ದು, ಸಿಗದೆ ಹೋದದ್ದು ಎಂತದ್ದು ಎಂದು ಅವಳಿಗೆ ತಿಳಿದುಹೋದರೆ ಅವಳ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಆದರೂ ಬರೆಯಲು ಕೂತೆ. ನಾನು ಬರೆಯದಿದ್ದರೆ ಬೇರೆ ಯಾರೋ ಬರೆದು, ತಂಗಿ ಅವರನ್ನು ಹೊಗಳುತ್ತಾಳೆ ಎಂಬುದು ಇನ್ನೂ ಸಂಕಟ. ಮೊದಲ ದಿನ ಬರೆದದ್ದು ಬರೀ ಕೌಂಟರಿನ ಮಾತು. "ಸೂಪರ್ ಸೀರೆ, ಎರಡೇ ಪೀಸ್ ಉಳಿದದ್ದು, ಉಟ್ಟರೆ ಎಲ್ಲರೂ ತಿರುಗಿ ನೋಡ್ತಾರೆ." ಸೊಸೆ ತಂಗಿಗೆ ಫೋನಿನಲ್ಲಿ ಓದಿ ಹೇಳಿದಳು.

"ತಿರುಗಿ ನೋಡ್ತಾರೆ ಸರಿ. ನೋಡಿ ಎಂತ ಕಾಣ್ತಾರೆ? ಅದನ್ನು ಬರೀಲಿಕ್ಕೆ ಹೇಳು" ಎಂದಳು ತಂಗಿ.

ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಸೀರೆ ಎಳೆದು ಬರೆದೆ: "ಒಡಲು ಪುನರ್ಪುಳಿ ಶರಬತ್ತಿನ ಬಣ್ಣ. ಅಂಚು ನಾಲ್ಕು ಬೆರಳು ಅಗಲ, ಹಳದಿ ಜರಿ, ಕೈಗೆ ಸ್ವಲ್ಪ ಒರಟು. ಸೆರಗಿನಲ್ಲಿ ಅಂಗೈಯಷ್ಟು ದೊಡ್ಡ ಮಾವಿನಕಾಯಿಗಳ ಒಂದು ಸಾಲು. ಮೊದಲ ಒಗೆತಕ್ಕೆ ಬಣ್ಣ ಬಿಡಬಹುದು." ಸೊಸೆ ಓದಿದ್ದನ್ನು ಕೇಳಿ ತಂಗಿ ಇನ್ನೊಮ್ಮೆ ಓದಿಸಿದಳಂತೆ. ಆಮೇಲೆ "ಹ್ಞಾಂ, ಇದು" ಎಂದಳಂತೆ.

ದಿನಕ್ಕೆ ಹದಿನೈದು ಇಪ್ಪತ್ತು ಬರೆದೆ. ಸುಳ್ಳು ಹೇಳಬಾರದೆಂದಲ್ಲ, ಬರೆಯುತ್ತಾ ಹೋದರೆ ಸೀರೆ ತಾನೇ ಮಾತು ಎಳೆದುಕೊಂಡು ಹೋಗುತ್ತಿತ್ತು. ಕೊಯಿಲದಿಂದ ಒಬ್ಬರು ಅಜ್ಜಿ ಫೋನ್ ಮಾಡಿ, ಫೋಟೋಕ್ಕಿಂತ ಬರೆದದ್ದೇ ಒಳ್ಳೇದುಂಟು ಎಂದರು. ಕಡಬದಿಂದ ಹುಟ್ಟಿನಿಂದಲೇ ಕಣ್ಣಿಲ್ಲದ ಒಬ್ಬರು, ಹೆಂಡತಿಗೆ ಸೀರೆ ತೆಗೆಯುವವರು, ನನ್ನನ್ನೇ ಕೇಳಿ ಮಾತಾಡಿದರು. "ಪುನರ್ಪುಳಿಯ ರುಚಿ ಗೊತ್ತುಂಟು ಮಾರಾಯ್ರೆ, ಬಣ್ಣ ಗೊತ್ತಿಲ್ಲ. ಭಾರ ಎಷ್ಟು, ಸೆಕೆಗೆ ಆಗ್ತದಾ, ಎಂಥ ಕಾರ್ಯಕ್ರಮಕ್ಕೆ ಉಡ್ತಾರೆ, ಅದನ್ನೂ ಬರೀರಿ." ಬರೆದೆ. ಒಟ್ಟಿನಲ್ಲಿ ನನಗೆ ಆ ಕೆಲಸದಲ್ಲಿ ಹೆಸರು ಬಂತು. ತಂಗಿ ಮೂರು ಸೀರೆ ತರಿಸಿಕೊಂಡಳು, ಒಂದಕ್ಕೂ ನನ್ನನ್ನು ಕೇಳಲಿಲ್ಲ. ಮೂರೂ ಹದವಾದ ಬಣ್ಣಗಳು. ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ.

ಆಮೇಲೆ ಹಬ್ಬದ ಮಾಲು ಬಂತು. ಕಟ್ಟು ಬಿಚ್ಚಿದರೆ ಮೇಲೆಯೇ ಅದು. ಅಪ್ಪಟ ಗಿಳಿಹಸಿರು, ಕೇಪುಳದ ಕೆಂಪು ಅಂಚು, ಇದ್ದದ್ದು ಒಂದೇ ಒಂದು. ಅದನ್ನು ಉಟ್ಟರೆ ಅವಳು ಹೇಗಿರುತ್ತಾಳೆ ಎಂದು ನನ್ನ ಕಣ್ಣಿಗೆ ಕಟ್ಟಿತು. ಐವತ್ತು ದಾಟಿದ ಹೆಂಗಸು ನಾನು, ಮೊಮ್ಮಗು ಉಂಟು. ಆದರೂ ಆ ದಿನ ಹೊಟ್ಟೆ ಉರಿಯಿತು. ಸೊಸೆ ಎಂದೋ ನಾನು ಬರೆದದ್ದನ್ನು ಪರೀಕ್ಷೆ ಮಾಡುವುದನ್ನು ಬಿಟ್ಟಿದ್ದಳು. ನಾನು ಬರೆದೆ:

"ಬಣ್ಣ ತುಂಬಾ ಗಾಢ. ಕಣ್ಣಿಗೆ ಹೊಡೆಯುತ್ತದೆ. ಎಲ್ಲರಿಗೂ ಒಪ್ಪುವುದಿಲ್ಲ. ನಲವತ್ತು ದಾಟಿದವರು ಯೋಚಿಸಿ ತೆಗೆದುಕೊಳ್ಳುವುದು ಒಳ್ಳೆಯದು."

ಯಾವ ಬಣ್ಣ ಎಂದು ಬರೆಯಲಿಲ್ಲ. ತಂಗಿಗೆ ಆಗ ನಲವತ್ತಾರು.

ಮೂರನೇ ದಿನ ಬೆಳಿಗ್ಗೆ ಆಪಿನ ಆರ್ಡರುಗಳ ಚೀಟಿ ನನ್ನ ಕೌಂಟರಿಗೆ ಬಂತು. ಪ್ಯಾಕ್ ಮಾಡುವುದು ನನ್ನದೇ ಕೆಲಸ. ಎರಡನೇ ಚೀಟಿಯಲ್ಲಿ ಆ ಸೀರೆ. ವಿಳಾಸ ಸುಳ್ಯದ್ದು, ನನಗೆ ಬಾಯಿಪಾಠ ಇರುವಂಥದ್ದು. ನಾನು ಚೀಟಿಯನ್ನು ಎರಡು ಸಲ ಓದಿದೆ. ಬೇಡ ಎಂದು ಅಷ್ಟು ಸ್ಪಷ್ಟವಾಗಿ ಬರೆದ ಮೇಲೂ ಅದನ್ನೇ ಯಾಕೆ ತರಿಸುತ್ತಾಳೆ?

ನಿಜ ಹೇಳುತ್ತೇನೆ, ಪಕ್ಕದ ರಾಶಿಯಲ್ಲಿದ್ದ ಒಂದು ತಿಳಿಗಂದು ಸೀರೆಯ ಮೇಲೆ ನನ್ನ ಕೈ ಹೋಯಿತು. ಅದನ್ನೇ ಹಾಕಿ ಕಳಿಸಿಬಿಡುವಾ ಎಂದು ಕಂಡಿತು. ಹಾಕಲಿಲ್ಲ. ಒಳ್ಳೆಯತನದಿಂದ ಅಲ್ಲ, ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯಿಂದ. ಈಗ ಅವಳಿಗೆ ಕೇಳಲು ಬೇರೆಯವರಿದ್ದರು. ಗಿಳಿಹಸಿರನ್ನೇ ಮಡಚಿ, ಕವರಿನಲ್ಲಿಟ್ಟು, ಅಂಟು ಹಚ್ಚಿದೆ. ಬೇಡವಾದರೆ ಏಳು ದಿನದೊಳಗೆ ವಾಪಸ್ಸು ಕೊಡಬಹುದು ಎಂಬ ನಿಯಮ ಇತ್ತು. ಏಳು ದಿನ ವಾಪಸ್ಸು ಬಂದ ಕವರುಗಳನ್ನು ನಾನೇ ಮೊದಲು ನೋಡುತ್ತಿದ್ದೆ. ಬರಲಿಲ್ಲ.

ಆ ತಿಂಗಳ ಕೊನೆಗೆ ಕಡಬದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಮದುವೆ ಹಾಲ್‌ನಲ್ಲಿ ನಾನು ಮೆರೂನು ರೇಷ್ಮೆ ಉಟ್ಟು ಬಾಗಿಲ ಹತ್ತಿರದ ಸಾಲಿನಲ್ಲಿ ಕೂತಿದ್ದೆ. ಹನ್ನೊಂದು ಗಂಟೆಗೆ ತಂಗಿ ಬಂದಳು. ಜೊತೆಗೆ ಆಸ್ಪತ್ರೆಯ ಒಬ್ಬಳು ಗೆಳತಿ, ಕೈಯಲ್ಲಿ ಬಿಳಿ ಕೋಲು. ಬಾಗಿಲಿನ ಬಿಸಿಲು ಆ ಹಸಿರಿನ ಮೇಲೆ ಬಿತ್ತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು, ಸುಳ್ಳಲ್ಲ. ಕೂದಲು ಅರ್ಧ ನರೆತಿದೆ, ಆದರೆ ಆ ಮುಖ ಹಾಗೇ ಇದೆ. ಅದನ್ನು ನಾನೇ ಇಷ್ಟು ವರ್ಷ ಬೂದಿಯಲ್ಲಿ ಮುಚ್ಚಿ ಇಟ್ಟದ್ದು.

ನನ್ನ ಹಿಂದೆ ಕೂತಿದ್ದ ಸೋದರತ್ತೆ ಹೇಳಿದರು, "ಇವಳು ಇಷ್ಟು ಚೆಂದ ಇದ್ದಾಳೆ ಅಂತ ಮರ್ತೇ ಹೋಗಿತ್ತು ಮಾರಾಯ್ತಿ."

ಆ ಕ್ಷಣಕ್ಕೆ ನನಗೆ ಪುನಃ ಇಪ್ಪತ್ತೆರಡು ವರ್ಷ. ಎದ್ದು ಹೊರಗೆ ಹೋಗಿಬಿಡುವಾ ಎಂದು ಕಂಡಿತು. ಅಷ್ಟರಲ್ಲಿ ಗೆಳತಿ ಅವಳನ್ನು ನನ್ನ ಪಕ್ಕದ ಕುರ್ಚಿಗೆ ಕರೆತಂದು ಕೂರಿಸಿ, ತಾನು ನೀರು ಕುಡಿದು ಬರುತ್ತೇನೆಂದು ಹೋದಳು. ತಂಗಿ ಸೆರಗನ್ನು ಮಡಿಲಿಗೆ ಎಳೆದುಕೊಂಡು ಅಂಚಿನ ಮೇಲೆ ಬೆರಳಾಡಿಸುತ್ತಾ ಕೂತಳು.

"ಇದು ಯಾರಿಗೆ ಒಪ್ಪುದಿಲ್ಲಂತೆ, ಅಕ್ಕ?" ಎಂದು ಮೆಲ್ಲಗೆ ಕೇಳಿದಳು.

ನಾನು ನನ್ನ ಮೆರೂನು ಸೆರಗನ್ನು ಸರಿ ಮಾಡಿಕೊಂಡೆ.

"ಬೇರೆ ಎಲ್ಲ ಸೀರೆಗೂ ಬಣ್ಣ ಬರ್ದಿದ್ದಿ. ಇದಕ್ಕೊಂದಕ್ಕೆ ಬರೀಲಿಲ್ಲ. ಕೇಳ್ತಾ ಇರುವಾಗಲೇ ನನಗೆ ಅಂದಾಜಾಯ್ತು, ಇದು ನಂಗೇ ಬರ್ದದ್ದು ಅಂತ. ಆ ಕ್ಷಣವೇ ತರಿಸಿದೆ."

"ಬಣ್ಣ ಯಾವುದು ಅಂತಲೂ ಗೊತ್ತಿಲ್ಲದೆಯಾ?"

"ಬಣ್ಣ ಯಾವುದಾದ್ರೆ ಎಂತ? ನೀನು ಬೇಡ ಅಂದದ್ದು ಬೇಕಿತ್ತು. ಕವರ್ ಬಿಚ್ಚಿ ಈ ಗೆಳತಿ ಗಿಳಿಹಸಿರು ಅಂದಾಗ ನಗು ಬಂತು."

ಎದುರಿನಲ್ಲಿ ಪುರೋಹಿತರು ಲಗ್ನಪತ್ರಿಕೆ ಓದಲು ಶುರು ಮಾಡಿದ್ದರು. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. ಕೇಳದೆ ಇರಲು ಆಗಲಿಲ್ಲ.

"ನಿಂಗೆ ಗೊತ್ತಿತ್ತಾ? ಮೊದಲಿಂದ?"

"ಮೊದಲ ಸಂಬಳದ ಸೀರೆ ಉಟ್ಟು ಡ್ಯೂಟಿಗೆ ಹೋದ ದಿನವೇ. ಇಷ್ಟು ಸಣ್ಣ ಪ್ರಾಯಕ್ಕೆ ಬೂದಿ ಬಣ್ಣ ಯಾಕೆ ತೆಗ್ದಿ ಅಂತ ನರ್ಸು ಕೇಳಿದ್ರು."

"ಇಪ್ಪತ್ತನಾಲ್ಕು ವರ್ಷ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?"

ಅವಳು ಸಿಟ್ಟು ಮಾಡಲಿಲ್ಲ. ಸ್ವಿಚ್‌ಬೋರ್ಡಿನಲ್ಲಿ ಕೂತು ಯಾರಿಗೋ ಡಾಕ್ಟರು ಇಲ್ಲ ಎಂದು ತಿಳಿಸುವ ಸ್ವರದಲ್ಲೇ ಹೇಳಿದಳು, "ಹೇಳಿ ಎಲ್ಲಿಗೆ ಹೋಗುದು ಅಕ್ಕ? ಮುಂದಿನ ಸೀರೆಗೂ ನಿನ್ನತ್ರವೇ ಬರ್ಬೇಕಿತ್ತಲ್ಲ."

ಅವಳು ಬರುತ್ತಿದ್ದ ಆ ಶನಿವಾರಗಳನ್ನೆಲ್ಲ ನಾನು ಪ್ರೀತಿ ಎಂದುಕೊಂಡಿದ್ದೆ. ಅವಳಿಗೂ ಪ್ರೀತಿ ಇರಲಿಲ್ಲ ಎಂದಲ್ಲ. ಸೀರೆಯನ್ನು ಹೀಗೆ ಬಿಡಿಸಿ ಹೇಳುವ ಬೇರೆ ಅಂಗಡಿ ಇರಲಿಲ್ಲ, ಅಷ್ಟೆ.

ಲಗ್ನಪತ್ರಿಕೆ ಓದಿ ಮುಗಿದು ಊಟಕ್ಕೆ ಕರೆದರು. ಕುರ್ಚಿಗಳು ಸರಿದವು, ಜನ ಎದ್ದರು. ತಂಗಿಯೂ ಎದ್ದು, ನೆರಿಗೆ ಸರಿಮಾಡಿಕೊಂಡು, ಮಡಚಿದ್ದ ಕೋಲನ್ನು ಬಿಡಿಸಿದಳು. ನಾನು ಕೈ ಚಾಚಿದೆ. ಬಾ ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಕೈ ಚಾಚಿದ್ದು ಅವಳಿಗೆ ಕಾಣುವುದಿಲ್ಲವಲ್ಲ. ಹೇಳಲಿಲ್ಲ. ಅವಳು ಕೋಲು ಊರಿಕೊಂಡು, ನನ್ನ ಕೈಯ ಪಕ್ಕದಿಂದಲೇ, ಊಟದ ಸದ್ದು ಬರುತ್ತಿದ್ದ ಕಡೆಗೆ ನಡೆದು ಹೋದಳು.